ಎರಡನೆಯ ಸಂಪುಟಕ್ಕೆ ಮುಂಚೆ ಬರುವ ಬಿಡಿಹಾಡು

ಮನೆಯಲ್ಲಿ ಹದಿನೆಂಟು ಇಪ್ಪತ್ತರ ಹರೆಯದ ಮಕ್ಕಳಿದ್ದರೆ ಈ ಮಾತು ತಮ್ಮ ಕಿವಿಗೂ ಬಿದ್ದಿರಬೇಕು: "ಆ ಬ್ಯಾಂಡಿನವರು ಹೊಸ ಸಿಂಗಲ್ ಬಿಟ್ಟಾರ." ಬಿಡುವುದಕ್ಕೆ ಅದೇನು ಬಾಣವೇ ಎಂದು ಕೇಳಿ ನಾನೊಮ್ಮೆ ನಗೆಗೀಡಾಗಿದ್ದೇನೆ. ಸಿಂಗಲ್ ಎಂದರೆ ಒಂಟಿಯಾಗಿ ಹೊರಬರುವ ಹಾಡು. ಆಲ್ಬಮ್ ಎಂದರೆ ಎಂಟು ಹತ್ತು ಹಾಡುಗಳ ಕಟ್ಟು. ನಮ್ಮ ಅಲಂಕಾರಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಮೊದಲನೆಯದು ಮುಕ್ತಕ, ಎರಡನೆಯದು ಪ್ರಬಂಧ. ಈ ಲೇಖನದಲ್ಲಿ ಮೊದಲನೆಯದನ್ನು ಬಿಡಿಹಾಡು ಎಂದೂ ಎರಡನೆಯದನ್ನು ಸಂಪುಟ ಎಂದೂ ಕರೆಯುತ್ತೇನೆ. ಇಷ್ಟು ಹೇಳಿದರೆ ವಿಷಯ ಮುಗಿಯುವಂತಿದ್ದರೆ ಸಂಪಾದಕರು ನನಗೆ ಇಷ್ಟು ಪುಟಗಳನ್ನು ಕೊಡುತ್ತಿರಲಿಲ್ಲ.

ಕಳೆದ ದೀಪಾವಳಿಯ ಬಿಡುವಿನಲ್ಲಿ ನನ್ನ ಹಳೆಯ ವಿದ್ಯಾರ್ಥಿಗಳು ನಾಲ್ವರು ವಾಡಿಯಿಂದ ಚಿತ್ತಾಪುರಕ್ಕೆ, ನಮ್ಮ ಮನೆಗೆ ಬಂದರು. ಒಬ್ಬ ಸಿಮೆಂಟ್ ಕಾರ್ಖಾನೆಯಲ್ಲಿ ಪಾಳಿಯ ಕೆಲಸ ಮಾಡುತ್ತಾನೆ. ಒಬ್ಬನ ತಂದೆ ಶಹಾಬಾದಿನಲ್ಲಿ ಫರಸಿ ಕಲ್ಲಿನ ವ್ಯಾಪಾರಸ್ಥರು. ಉಳಿದಿಬ್ಬರು ಕಲಬುರಗಿಯಲ್ಲಿ ಓದುತ್ತಿದ್ದಾರೆ. ಎರಡು ಗಿಟಾರು, ಒಂದು ಡ್ರಮ್ಮು, ಒಂದು ಏಕತಾರಿ, ಇಷ್ಟನ್ನು ಕೂಡಿಸಿಕೊಂಡು ಅವರು ಮೇಳ ಕಟ್ಟಿ ಎರಡು ವರ್ಷವಾಯಿತು. ಐದು ಹಾಡುಗಳ ಮೊದಲ ಸಂಪುಟವನ್ನು ಹೊರತಂದದ್ದೂ ಆಗಿದೆ. ಕೇಳಿದವರು ಹೆಚ್ಚಾಗಿ ನಂಟರು, ಗೆಳೆಯರು. ಈಗ ಎರಡನೆಯದರ ಸಿದ್ಧತೆ. ಅದಕ್ಕೆ ಮುಂಚೆ ಎರಡು ಬಿಡಿಹಾಡುಗಳು ಹೊರಡಬೇಕು, ಅವುಗಳಲ್ಲಿ ಒಂದು ಕಡಕೋಳ ಮಡಿವಾಳಪ್ಪನವರ ತತ್ವಪದ, ಅದರ ಪಾಠವನ್ನು ತಿದ್ದಿಕೊಡಿ ಎಂದು ಕೇಳಲು ಬಂದಿದ್ದರು. ಅವರು ಬರೆದು ತಂದ ಹಾಳೆಯಲ್ಲಿ ಪದದ ಕೊನೆಯ ನುಡಿ ಇರಲಿಲ್ಲ. ಮರೆತಿರಬಹುದೆಂದು ನಾನು ಹೇಳಿಕೊಡಲು ಹೊರಟೆ.

"ಗೊತ್ತದ್ರಿ ಸರ್, ಬೇಕಂತಲೇ ಬಿಟ್ಟೇವಿ. ಹಾಡು ಭಾಳ ಉದ್ದ ಆಗ್ತದ್ರಿ" ಎಂದ, ಹಾಡುವ ಹುಡುಗ.

ಆ ಮಾತು ಮನಸ್ಸಿನಲ್ಲಿ ಕುಳಿತುಬಿಟ್ಟಿತು. ಯಾರಿಗೆ ಉದ್ದ, ಏಕೆ ಉದ್ದ ಎಂಬುದನ್ನು ತಿಳಿಯಬೇಕಾದರೆ ಬಿಡಿಹಾಡಿನ ಚರಿತ್ರೆಯನ್ನು ಸ್ವಲ್ಪ ತಿರುವಿ ನೋಡಬೇಕು.

ಹಾಡಿಗೆ ಮೊದಲು ಅಳತೆಗೋಲು ಹಿಡಿದದ್ದು ಗ್ರಾಮಫೋನ್ ತಟ್ಟೆ. ನಿಮಿಷಕ್ಕೆ 78 ಸುತ್ತು ತಿರುಗುವ ಹತ್ತು ಅಂಗುಲದ ತಟ್ಟೆಯ ಒಂದು ಮಗ್ಗುಲಿಗೆ ಹಿಡಿಯುತ್ತಿದ್ದದ್ದು ಸುಮಾರು ಮೂರು ನಿಮಿಷದ ಸಂಗೀತ. 1902ರಲ್ಲಿ ಗೌಹರ್ ಜಾನ್ ಕಲ್ಕತ್ತೆಯಲ್ಲಿ ತಟ್ಟೆಗಾಗಿ ಹಾಡಿದಾಗ, ಗಂಟೆಗಟ್ಟಲೆ ಬೆಳೆಸಬಲ್ಲ ರಾಗವನ್ನು ಆ ಮೂರು ನಿಮಿಷದೊಳಗೆ ಮಡಿಚಿಟ್ಟು, ಕಡೆಯಲ್ಲಿ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ಕೂಗಿ ಹೇಳಿದಳು. ತಟ್ಟೆಗಳು ಅಚ್ಚಾಗುತ್ತಿದ್ದದ್ದು ಜರ್ಮನಿಯಲ್ಲಿ. ಅಲ್ಲಿಯ ಕೆಲಸಗಾರರಿಗೆ ಹಾಡಿದವರು ಯಾರೆಂದು ತಿಳಿಯಲಿ ಎಂಬುದು ಅದರ ಉದ್ದೇಶವೆಂದು ಹೇಳುತ್ತಾರೆ. ಎಷ್ಟೇ ಇಕ್ಕಟ್ಟಾದರೂ ಆಕೆ ಆ ಹೆಸರಿನ ಜಾಗವನ್ನು ಬಿಟ್ಟುಕೊಡಲಿಲ್ಲ ಎಂಬುದನ್ನು ತಾವು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುತ್ತದೆ. ಆಕೆ ಕೊನೆಗಾಲದಲ್ಲಿ ಮೈಸೂರು ಅರಮನೆಯ ಆಶ್ರಯ ಪಡೆದು 1930ರಲ್ಲಿ ಮೈಸೂರಿನಲ್ಲೇ ತೀರಿಕೊಂಡಳು.

ಆಲ್ಬಮ್ ಎಂಬ ಮಾತಿನ ಹುಟ್ಟೂ ಸ್ವಾರಸ್ಯವಾದದ್ದು. ಲ್ಯಾಟಿನ್ ಭಾಷೆಯಲ್ಲಿ ಬಿಳಿಯದು ಎಂಬ ಅರ್ಥದ ಮಾತಿನಿಂದ ಬಂದದ್ದು ಅದು; ಬರೆಯಲು ಬಿಟ್ಟ ಬಿಳಿಯ ಹಲಗೆ, ಆಮೇಲೆ ಚಿತ್ರ ಅಂಟಿಸುವ ಖಾಲಿ ಪುಸ್ತಕ. ದೊಡ್ಡ ಸಂಗೀತಕೃತಿಯೊಂದು ಒಂದೇ ತಟ್ಟೆಯಲ್ಲಿ ಹಿಡಿಯದೆ ನಾಲ್ಕೈದು ತಟ್ಟೆಗಳಿಗೆ ಹರಡಿದಾಗ ಅವನ್ನು ಜೇಬುಗಳಿರುವ ದಪ್ಪ ಪುಸ್ತಕದಲ್ಲಿ ಇಟ್ಟು ಮಾರುತ್ತಿದ್ದರು. ಆ ಪುಸ್ತಕದ ಹೆಸರೇ ಒಳಗಿನ ಹಾಡುಗಳಿಗೂ ಅಂಟಿಕೊಂಡಿತು. 1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪನಿ ಒಂದು ಮಗ್ಗುಲಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವ ದೊಡ್ಡ ತಟ್ಟೆಯನ್ನು ತಂದಿತು. ಅದು ಸಂಪುಟಕ್ಕೆ ಮನೆಯಾಯಿತು. ಮರುವರ್ಷ ಆರ್.ಸಿ.ಎ. ಕಂಪನಿ 45 ಸುತ್ತಿನ ಪುಟ್ಟ ತಟ್ಟೆ ತಂದಿತು. ಅದು ಬಿಡಿಹಾಡಿಗೆ ಮನೆಯಾಯಿತು. ಅಂದಿನಿಂದ ಎರಡರ ಸಂಸಾರವೂ ಬೇರೆ.

ಪುಟ್ಟ ತಟ್ಟೆಗೆ ಒಂದು ವಿಶೇಷ ಕೆಲಸವಿತ್ತು. ಕಂಪನಿ ನಾಟಕದವರು ಊರಿಗೆ ಬಂದಾಗ ಗಾಡಿಗೆ ಮೈಕು ಕಟ್ಟಿ, ನಾಟಕದ ಒಂದೇ ಒಂದು ಹಾಡನ್ನು ಓಣಿ ಓಣಿಗೆ ಕೇಳಿಸಿ, ಕರಪತ್ರ ಹಂಚುತ್ತಿದ್ದದ್ದನ್ನು ತಮ್ಮಲ್ಲಿ ಹಿರಿಯರು ಕಂಡಿರಬಹುದು. ಇಡೀ ನಾಟಕ ರಾತ್ರಿ. ಆ ಹಾಡು ಹಗಲಿನಲ್ಲೇ. ಬಿಡಿಹಾಡೂ ಹೀಗೆಯೇ ರೇಡಿಯೊ ಕೇಂದ್ರಗಳ ಮೂಲಕ ಮುಂಚಿತವಾಗಿ ಮನೆಮನೆಗೆ ಹೋಗಿ ಸಂಪುಟದ ಬರವನ್ನು ಸಾರುತ್ತಿತ್ತು. ಎಲ್ಲ ವೇಳೆಯಲ್ಲೂ ಅದು ಸಂಪುಟದೊಳಗೆ ಸೇರುತ್ತಿತ್ತೆಂದು ತಿಳಿಯಬೇಡಿ. ಇಂಗ್ಲೆಂಡಿನ ಬೀಟಲ್ಸ್ ತಂಡದ ಎರಡನೆಯ ಸಂಪುಟ 1963ರ ನವೆಂಬರಿನಲ್ಲಿ ಬಂತು. ಅದಕ್ಕೆ ಮುಂಚೆ ಆಗಸ್ಟಿನಲ್ಲಿ ಹೊರಟು ಆ ದೇಶವನ್ನೆಲ್ಲ ಕುಣಿಸಿದ 'ಷಿ ಲವ್ಸ್ ಯು' ಎಂಬ ಬಿಡಿಹಾಡನ್ನು ಅದರಲ್ಲಿ ಸೇರಿಸಲೇ ಇಲ್ಲ.

ಇನ್ನು ರಾಕ್ ಎಂಬುದರ ಹಿಂದೆ ಸೇರಿಸುವ ಆಲ್ಟರ್ನೇಟಿವ್ ಎಂಬ ವಿಶೇಷಣ. ಪರ್ಯಾಯ, ಬದಲಿ ಎಂದು ಅರ್ಥ. ಯಾವುದಕ್ಕೆ ಬದಲಿ? 1980ರ ದಶಕದಲ್ಲಿ ಅಮೆರಿಕದ ದೊಡ್ಡ ರೇಡಿಯೊ ಕೇಂದ್ರಗಳು ದೊಡ್ಡ ಕಂಪನಿಗಳ ಹಾಡುಗಳನ್ನೇ ತಿರುಗಾಮುರುಗಾ ಹಾಕುತ್ತಿದ್ದವು. ಕಾಲೇಜುಗಳಲ್ಲಿ ವಿದ್ಯಾರ್ಥಿಗಳೇ ನಡೆಸುತ್ತಿದ್ದ ಸಣ್ಣ ಕೇಂದ್ರಗಳು ಮಾತ್ರ ಹೆಸರಿಲ್ಲದ ಮೇಳಗಳನ್ನು ಕರೆದು ಕೂಡಿಸಿದವು. 1983ರಲ್ಲಿ ಮೊದಲ ಸಂಪುಟ ತಂದ, ಜಾರ್ಜಿಯಾ ರಾಜ್ಯದ ಆರ್.ಇ.ಎಂ. ಎಂಬ ತಂಡ ಬೆಳೆದದ್ದು ಹಾಗೆ. ನಮ್ಮ ಪರಿಭಾಷೆಯಲ್ಲಿ ಇದನ್ನು ಮಾರ್ಗ, ದೇಸಿ ಎಂದು ವಿಂಗಡಿಸಬಹುದು. ಹೆದ್ದಾರಿ ಹಿಡಿದದ್ದು ಮಾರ್ಗ, ಊರ ಕಾಲುದಾರಿಯದು ದೇಸಿ. ಪರ್ಯಾಯ ರಾಕ್ ಎಂಬುದು ಅವರ ದೇಸಿ. ಗಿಟಾರಿನ ಅಬ್ಬರ ಅದರಲ್ಲೂ ಉಂಟು. ಆದರೆ ಹೊಳಪು ಕಡಮೆ, ಒಳಗಿನ ಸಂಕಟ ಹೆಚ್ಚು. ರೇಡಿಯೊ ಪತ್ರಿಕೆಯಲ್ಲಿ ಬರೆಯುತ್ತಿರುವುದರಿಂದ ಒಂದು ಮಾತನ್ನು ಹೆಮ್ಮೆಯಿಂದಲೇ ಸೇರಿಸುತ್ತೇನೆ: ಆ ದೇಸಿಯನ್ನು ಸಾಕಿದ್ದು ರೇಡಿಯೊ.

ಈ ಬಗೆಯ ಮೇಳವೊಂದರ ಎರಡನೆಯ ಸಂಪುಟ ಎಂಥ ಪವಾಡ ಮಾಡಬಹುದೆಂಬುದಕ್ಕೆ ಎಲ್ಲರೂ ತೋರಿಸುವ ನಿದರ್ಶನ ನಿರ್ವಾಣ. ಹೆಸರು ನಮ್ಮದೇ, ತಂಡ ಅಮೆರಿಕದ್ದು. 1989ರ ಅವರ ಮೊದಲ ಸಂಪುಟ 'ಬ್ಲೀಚ್' ಆರುನೂರು ಡಾಲರು ಚಿಲ್ಲರೆಯಲ್ಲಿ ಧ್ವನಿಮುದ್ರಿತವಾದದ್ದು. 1991ರ ಸೆಪ್ಟೆಂಬರ್ 10ರಂದು ಎರಡನೆಯದರ ಬಿಡಿಹಾಡು ಹೊರಬಂತು, 24ರಂದು 'ನೆವರ್‌ಮೈಂಡ್' ಎಂಬ ಆ ಸಂಪುಟ. 1992ರ ಜನವರಿಯಲ್ಲಿ ಅದು ಮೈಕೆಲ್ ಜಾಕ್ಸನ್‌ನ ಸಂಪುಟವನ್ನು ಕೆಳಗಿಳಿಸಿ ಅಮೆರಿಕದ ಮಾರಾಟದ ಪಟ್ಟಿಯ ತುದಿಗೇರಿತು. ದೇಸಿಯೇ ಮಾರ್ಗವಾಯಿತು. ಮೇಳಕ್ಕೆ ಅದರಿಂದ ಒಳಿತಾಯಿತೇ ಎಂದು ಕೇಳಿದರೆ ಬೇರೆ ಕತೆ. ಹಾಡುಗಾರ ಕರ್ಟ್ ಕೊಬೇನ್ 1994ರಲ್ಲಿ 27ರ ವಯಸ್ಸಿನಲ್ಲಿ ಪ್ರಾಣ ಕಳೆದುಕೊಂಡ.

ಎರಡನೆಯ ಸಂಪುಟಕ್ಕೆ ಏಕೆ ಇಷ್ಟು ಮಹತ್ವ? ಮೊದಲನೆಯದರಲ್ಲಿ ಹುಡುಗರು ಬಾಲ್ಯದಿಂದ ಕೂಡಿಟ್ಟದ್ದನ್ನೆಲ್ಲ ಸುರಿದಿರುತ್ತಾರೆ. ಎರಡನೆಯದರ ವೇಳೆಗೆ ಕಣಜ ಬರಿದು. ಮೇಲಾಗಿ ಮೊದಲ ಸಲ ಗೆದ್ದ ಹಾಡು ಬೆನ್ನು ಬಿಡುವುದಿಲ್ಲ. ಇಂಗ್ಲೆಂಡಿನ ರೇಡಿಯೋಹೆಡ್ ತಂಡಕ್ಕೆ ಮೊದಲ ಸಂಪುಟದ 'ಕ್ರೀಪ್' ಎಂಬ ಹಾಡು ಅಂಥ ಬೇತಾಳವಾಯಿತು. ಎಲ್ಲಿ ಹೋದರೂ ಅದನ್ನೇ ಹಾಡಿ ಎನ್ನುವವರು. 1994ರಲ್ಲಿ ಅವರು ಎರಡನೆಯ ಸಂಪುಟಕ್ಕೆ ಮುಂಚೆ ಕಳಿಸಿದ ಹಾಡಿನ ಹೆಸರು 'ಮೈ ಐರನ್ ಲಂಗ್'. ಉಸಿರಾಡಲಾರದ ರೋಗಿಯನ್ನು ಒಳಗೆ ಮಲಗಿಸಿ ಬದುಕಿಸುವ ಕಬ್ಬಿಣದ ಪೆಟ್ಟಿಗೆ ಅದು. ಗೆದ್ದ ಹಳೆಯ ಹಾಡೇ ತಮಗೆ ಆ ಪೆಟ್ಟಿಗೆ, ಬದುಕಿಸುವುದೂ ಅದೇ, ಅಲುಗಾಡಗೊಡದಿರುವುದೂ ಅದೇ ಎಂಬುದು ಇಂಗಿತ. ಸಂಪುಟ 'ದಿ ಬೆಂಡ್ಸ್' 1995ರಲ್ಲಿ ಬಂತು. ಬಿಡಿಹಾಡು ಬರಿಯ ಜಾಹೀರಾತೆಂದು ಭಾವಿಸುವವರು ಇದನ್ನು ಗಮನಿಸಬೇಕು. ತಾವು ಈಗ ಎಲ್ಲಿ ನಿಂತಿದ್ದೇವೆಂದು ಕೇಳುಗನಿಗೆ ಬರೆದ ಕಾಗದವೂ ಅದಾಗಬಲ್ಲದು.

ಆ 'ದಿ ಬೆಂಡ್ಸ್' ಸಂಪುಟಕ್ಕೆ ಧ್ವನಿಮುದ್ರಣದ ಮೇಲ್ವಿಚಾರಣೆ ನಡೆಸಿದ ಜಾನ್ ಲೆಕಿ ಎಂಬವರೇ 2009ರಲ್ಲಿ ನಮ್ಮ ಬೆಂಗಳೂರಿನ ಸ್ವರಾತ್ಮ ತಂಡದ ಹಾಡನ್ನೂ ಧ್ವನಿಮುದ್ರಿಸಿದರು ಎಂದರೆ ತಮಗೆ ಆಶ್ಚರ್ಯವಾದೀತು. ಬ್ರಿಟಿಷ್ ಕೌನ್ಸಿಲಿನವರು ಭಾರತದ ನಾಲ್ಕು ಮೇಳಗಳನ್ನು ಆರಿಸಿ ಮಾಡಿದ ಏರ್ಪಾಡು ಅದು. ವಾಸು ದೀಕ್ಷಿತ್ ಮುಂದಾಳಾಗಿರುವ ಸ್ವರಾತ್ಮದವರು ಬಣ್ಣದ ಅಂಗಿ ತೊಟ್ಟು, ಸೊಂಟಕ್ಕೆ ಬೊಂಬೆ ಕುದುರೆ ಕಟ್ಟಿಕೊಂಡು ಕುಣಿಯುತ್ತಿದ್ದರು; ನಮ್ಮ ಜಾತ್ರೆಯ ವೇಷಗಾರರಿಗೆ ಹೊಸದೇನಲ್ಲ. 2009ರಲ್ಲಿ ಅವರ ಮೊದಲ ಸಂಪುಟ, 2012ರಲ್ಲಿ ಎರಡನೆಯದು 'ಟೋಪಿವಾಲೇ'. ಎರಡನೆಯದರಲ್ಲಿ ಮೇಳ ಬೀದಿಗಿಳಿದಂತೆ ಕಾಣುತ್ತದೆ: ಟೋಪಿ ಹಾಕುವ ರಾಜಕಾರಣಿಗಳು, ಮಕ್ಕಳ ಮೇಲೆ ನಡೆಯುವ ಅನಾಚಾರ, ಇವೆಲ್ಲ ಹಾಡಿನ ವಸ್ತುಗಳಾಗಿವೆ. ಹಿಂದಿಯ ಪಾಲು ಹೆಚ್ಚಾಯಿತೆಂಬುದು ನನ್ನ ಸಣ್ಣ ಕೊರಗು. ಕನ್ನಡ ಪಂಡಿತನಿಗೆ ಅಷ್ಟು ಕೊರಗು ಸಲ್ಲುತ್ತದೆಂದು ಭಾವಿಸುತ್ತೇನೆ.

ಆದರೆ ವಾಡಿಯ ಹುಡುಗರಿಗೆ ಆದರ್ಶ ಸ್ವರಾತ್ಮವಲ್ಲ, ವಾಸು ಅವರ ಅಣ್ಣ ರಘು ದೀಕ್ಷಿತ್. ಮೈಸೂರಿನಲ್ಲಿ ಬೆಳೆದು, ಭರತನಾಟ್ಯ ಕಲಿತು, ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್‌ಸಿ. ಮುಗಿಸಿ, ಬೆಲ್ಜಿಯಂನಲ್ಲಿ ನೌಕರಿ ಮಾಡಿ, ಕಡೆಗೆ ಗಿಟಾರಿಗೆ ಶರಣಾದವರು. ಅವರ 'ರಘು ದೀಕ್ಷಿತ್ ಪ್ರಾಜೆಕ್ಟ್' ಎಂಬ ಮೇಳದ ಮೊದಲ ಸಂಪುಟ 'ಅಂತರಾಗ್ನಿ' 2008ರಲ್ಲಿ ಬಂತು. ವಿಶಾಲ್–ಶೇಖರ್ ಎಂಬ ಹಿಂದಿ ಚಿತ್ರಸಂಗೀತದ ಜೋಡಿ ತಮ್ಮ ಸಂಸ್ಥೆಯಿಂದ ಅದನ್ನು ಹೊರತಂದರು. ಹಿಂದಿ ಇಂಗ್ಲಿಷು ಹಾಡುಗಳ ನಡುವೆ ಶಿಶುನಾಳ ಶರೀಫರ ಎರಡು ಪದಗಳು ಅದರಲ್ಲಿದ್ದವು: 'ಗುಡುಗುಡಿಯ ಸೇದಿ ನೋಡೋ', 'ಸೋರುತಿಹುದು ಮನಿಯ ಮಾಳಗಿ'. 2010ರಲ್ಲಿ ಬಿ.ಬಿ.ಸಿ. ದೂರದರ್ಶನದ ಸಂಗೀತ ಕಾರ್ಯಕ್ರಮದಲ್ಲೂ ಈ ಮೇಳ ಹಾಡಿತು. ಅಲ್ಲಿಂದ ಇಂಗ್ಲೆಂಡಿನ ಉತ್ಸವಗಳಿಗೆಲ್ಲ ಕರೆ ಬಂತು.

ಶರೀಫರ ಪದಗಳನ್ನು ನಗರದ ವೇದಿಕೆಗೆ ತಂದವರಲ್ಲಿ ಅವರು ಮೊದಲಿಗರಲ್ಲ. ಸಿ. ಅಶ್ವಥ್ ಅವರ ಕಂಠದಿಂದ ಈ ಪದಗಳು ನಾಡನ್ನೆಲ್ಲ ತುಂಬಿದ್ದವು. 1990ರ 'ಸಂತ ಶಿಶುನಾಳ ಶರೀಫ' ಚಿತ್ರಕ್ಕೂ ಅವರದೇ ಸಂಗೀತ. ರಘು ಅವರ ವಿಶೇಷವೆಂದರೆ ಕನ್ನಡವೇ ತಿಳಿಯದ ಸಭೆಯ ಮುಂದೆ ಗಿಟಾರು ಹಿಡಿದು ಅದನ್ನು ಹಾಡಿದ್ದು. ಹಾಡುವಾಗ 'ಮನಿಯ' ಎಂಬುದನ್ನು 'ಮನೆಯ' ಎಂದು ತಿದ್ದಲಿಲ್ಲ, 'ಮಾಳಗಿ'ಯನ್ನು 'ಮಾಳಿಗೆ' ಮಾಡಲಿಲ್ಲ. ಮೈಸೂರಿನಲ್ಲಿ ಬೆಳೆದವರು ಈ ಸಂಯಮ ತೋರಿದ್ದು ಮೆಚ್ಚತಕ್ಕದ್ದು. ಮಣ್ಣಿನ ಮಾಳಗಿಯ ಕೆಳಗೆ ಮಳೆಗಾಲದ ರಾತ್ರಿ ಪಾತ್ರೆ ಹುಡುಕಿದ ನಮ್ಮ ಚಿಂಚೋಳಿ, ಸೇಡಂ ಕಡೆಯ ಹಿರಿಯರಿಗೆ ಆ ಸೋರುವಿಕೆಯನ್ನು ವಿವರಿಸಬೇಕಾಗಿಲ್ಲ. ಅದು ದೇಹದ ಮಾತೂ ಹೌದೆಂಬುದನ್ನು ಮಾತ್ರ ಹೇಳಿದರೆ ಸಾಕು. ಆರ್.ಸಿ.ಸಿ. ಮನೆಯಲ್ಲಿ ಬೆಳೆದ ಮಕ್ಕಳಿಗೆ ಎರಡನ್ನೂ ಹೇಳಬೇಕು.

ಎರಡನೆಯ ಸಂಪುಟ 'ಜಗ್ ಚಂಗಾ' ಬಂದದ್ದು 2013ರಲ್ಲಿ. ನಡುವೆ ಐದು ವರ್ಷ. ಆ ಅವಧಿಯಲ್ಲಿ ಚಲನಚಿತ್ರಗಳಿಗೆ ಸಂಗೀತ ಕೊಟ್ಟರು, ಊರೂರು ಸುತ್ತಿದರು. ಎರಡನೆಯದರಲ್ಲೂ ಶರೀಫರು ಬಂದರು. ಅದರಲ್ಲಿ 'ಕೋಡಗನ ಕೋಳಿ ನುಂಗಿತ್ತ' ಎಂಬ ಪದವಿದೆ. ನನ್ನ ವಾದವೆಲ್ಲ ಈ ಪದವನ್ನೇ ನೆಚ್ಚಿಕೊಂಡಿರುವುದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಕೋಳಿ ಮಂಗನನ್ನು ನುಂಗುವುದೆಂದರೆ ಒಗಟು. ನುಡಿ ನುಡಿಗೂ ಸಣ್ಣದು ದೊಡ್ಡದನ್ನು ನುಂಗುತ್ತ ಹೋಗುತ್ತದೆ, ಜಡವಾದದ್ದು ಚೇತನವನ್ನು ನುಂಗುತ್ತದೆ. ಮಕ್ಕಳು ಚಪ್ಪಾಳೆ ತಟ್ಟಿ ನಗುತ್ತಾರೆ, ನಗಬೇಕಾದದ್ದೇ. ಕೊನೆಯ ನುಡಿಗೆ ಬಂದಾಗ ಶರೀಫರು ತಮ್ಮ ಗುರು ಗೋವಿಂದಭಟ್ಟರನ್ನು ತರುತ್ತಾರೆ. ಗುರುವಿನ ಪಾದವೇ ಆತ್ಮವನ್ನು ನುಂಗಿತೆಂದು ಮುಗಿಸುತ್ತಾರೆ. ಆ ಒಂದು ಮಾತು ಬಿದ್ದೊಡನೆ ಹಿಂದಿನ ಒಗಟುಗಳೆಲ್ಲ ತಿರುಗಿ ನಿಲ್ಲುತ್ತವೆ. ನಾವು ದೊಡ್ಡದೆಂದು ತಿಳಿದ 'ನಾನು' ಎಂಬುದು ನುಂಗಿಹೋಗುವ ಬಗೆಯನ್ನೇ ಇಷ್ಟು ಹೊತ್ತು ಹಾಡುತ್ತಿದ್ದರೆಂದು ಹೊಳೆಯುತ್ತದೆ. ಈಗ ಆ ನುಡಿಯನ್ನು ತೆಗೆದುಬಿಡಿ. ಉಳಿಯುವುದು ಮಕ್ಕಳ ಆಟದ ಹಾಡು. ಚೆನ್ನಾದ ಆಟದ ಹಾಡೇ, ಆದರೆ ಶರೀಫರದಲ್ಲ.

ತತ್ವಪದದ ಕಟ್ಟಡವೇ ಹಾಗೆ. ಪಲ್ಲವಿ ಬಾಗಿಲಿನಂತೆ ಮೊದಲಿಗೇ ಇರುತ್ತದೆ. ದೀಪ ಇರುವುದು ಒಳಮನೆಯಲ್ಲಿ, ಕಡೆಯ ನುಡಿಯಲ್ಲಿ. ಬಸವಣ್ಣನವರ ಕೂಡಲಸಂಗಮದೇವ, ಪುರಂದರದಾಸರ ಪುರಂದರವಿಠಲ ಇವೂ ಅಂಕಿತಗಳೇ. ತತ್ವಪದಕಾರರಲ್ಲಿ ಅಂಕಿತದೊಡನೆ ಗುರುವಿನ ಹೆಸರೂ ಊರಿನ ಹೆಸರೂ ಬೆಸೆದುಕೊಂಡು ಬರುವುದುಂಟು. ಪುಸ್ತಕ ಕಾಣದ ಹಾಡುಗಾರರ ಬಾಯಲ್ಲಿ ಪದವೊಂದು ನೂರೈವತ್ತು ವರ್ಷ ಉಳಿದು, ಇದು ಇಂಥವರದೆಂದು ಇಂದೂ ಹೇಳುವಂತಾಗಿರುವುದಕ್ಕೆ ಬಹುಮಟ್ಟಿಗೆ ಆ ಕಡೆಯ ನುಡಿಯೇ ಕಾರಣ.

ಇಷ್ಟು ಹೇಳಿದ ಮೇಲೆ ಹುಡುಗರ ಕಷ್ಟವನ್ನೂ ಹೇಳಬೇಕು, ಅದು ಹುಸಿಯಲ್ಲ. ಈಗ ಹಾಡು ಮನೆಗೆ ಬರುವುದು ಬಹುಪಾಲು ಮೊಬೈಲಿನ ಮೂಲಕ. ಸ್ಪಾಟಿಫೈ ಎಂಬ ಸಂಸ್ಥೆಯಲ್ಲಿ ಮೂವತ್ತು ಸೆಕೆಂಡು ಕೇಳಿದರೆ ಮಾತ್ರ ಒಂದು ಸಲ ಕೇಳಿದಂತೆ ಲೆಕ್ಕ. ಅದಕ್ಕೆ ಮೊದಲೇ ಬೆರಳು ಮುಂದಕ್ಕೆ ಸರಿಸಿದರೆ ಹಾಡಿದವನಿಗೆ ಕಾಸೂ ಇಲ್ಲ, ಲೆಕ್ಕವೂ ಇಲ್ಲ. ಮೂವತ್ತು ದಾಟಿದ ಮೇಲೆ ಮೂರು ನಿಮಿಷ ಕೇಳಿದರೂ ಹತ್ತು ನಿಮಿಷ ಕೇಳಿದರೂ ಒಂದೇ. ಹೀಗಿರುವಾಗ ಚಿಕ್ಕ ಹಾಡು ಮಾಡುವವನಿಗೆ ಲಾಭ. ಇನ್ನೊಂದು ಕಟ್ಟಳೆ ಕೇಳಿ: ಹೊಸ ಹಾಡನ್ನು ತಮ್ಮ ಪಟ್ಟಿಗಳಲ್ಲಿ ಸೇರಿಸಿಕೊಳ್ಳಿರೆಂದು ಬಿಡುಗಡೆಗೆ ಮುಂಚೆ ಬಿನ್ನವಿಸಿಕೊಳ್ಳಬಹುದು, ಆದರೆ ಒಂದು ಸಲಕ್ಕೆ ಒಂದೇ ಹಾಡು. ಹತ್ತು ಹಾಡುಗಳ ಸಂಪುಟವನ್ನು ಒಮ್ಮೆಲೇ ಬಿಟ್ಟರೆ ಬಿನ್ನಹ ಒಂದಕ್ಕೇ ಸಲ್ಲುತ್ತದೆ. ತಿಂಗಳಿಗೊಂದರಂತೆ ಬಿಡಿಯಾಗಿ ಬಿಟ್ಟರೆ ಪ್ರತಿಯೊಂದಕ್ಕೂ ಬಾಗಿಲು ತಟ್ಟಬಹುದು. ಎರಡನೆಯ ಸಂಪುಟಕ್ಕೆ ಮುಂಚೆ ಎರಡು ಮೂರು ಬಿಡಿಹಾಡುಗಳು ಸಾಲಾಗಿ ಬರುವುದಕ್ಕೆ, ಅವು ಬಹುಮಟ್ಟಿಗೆ ಶುಕ್ರವಾರವೇ ಬರುವುದಕ್ಕೆ (2015ರ ಜುಲೈಯಿಂದ ಜಗತ್ತಿನ ಸಂಗೀತ ಕಂಪನಿಗಳು ಒಪ್ಪಿಕೊಂಡ ವಾರ ಅದು) ಇಂಥ ಲೌಕಿಕ ಕಾರಣಗಳುಂಟು. 78ರ ತಟ್ಟೆ ಮೂರು ನಿಮಿಷಕ್ಕೆ ಕಟ್ಟುಹಾಕಿತ್ತು. ದೊಡ್ಡ ತಟ್ಟೆ ಬಿಡಿಸಿತ್ತು. ಮೊಬೈಲು ಮತ್ತೆ ಅಲ್ಲಿಗೇ ತಂದು ಕಟ್ಟಿದೆ.

ಈ ಲೆಕ್ಕಕ್ಕೆ ತತ್ವಪದ ಅರ್ಧ ಒಗ್ಗುತ್ತದೆ, ಅರ್ಧ ಒಗ್ಗುವುದಿಲ್ಲ. ಪಲ್ಲವಿ ಮೊದಲೇ ಬರುವುದರಿಂದ ಮೂವತ್ತು ಸೆಕೆಂಡಿನ ಹೊಸ್ತಿಲನ್ನು ಸುಲಭವಾಗಿ ದಾಟುತ್ತದೆ. ಕಡೆಯಲ್ಲಿರುವ ಅಂಕಿತವನ್ನು ಕಾಯುವ 'ತಾಳ್ಮೆ' ಲೆಕ್ಕಕ್ಕಿಲ್ಲ. ಕತ್ತರಿ ಬೀಳುವುದು ಅಲ್ಲಿಯೇ.

"ಸಂಪುಟದಾಗ ಪೂರ್ತಿ ಹಾಕ್ತೇವ್ರಿ ಸರ್. ಸಿಂಗಲ್‌ದಾಗ ಅಷ್ಟೇ ಇಲ್ಲ" ಎಂದು ಹುಡುಗರು ನನ್ನನ್ನು ಸಮಾಧಾನಪಡಿಸಲು ನೋಡಿದರು.

"ಸಂಪುಟ ಕೇಳೋರು ಎಷ್ಟು ಮಂದಿ ತಮ್ಮಾ?" ಎಂದೆ. ಸುಮ್ಮನಾದರು. ಬಿಡಿಹಾಡನ್ನು ಕೇಳಿದವರಲ್ಲಿ ಎಲ್ಲರೂ ಸಂಪುಟಕ್ಕೆ ಬರುವುದಿಲ್ಲವೆಂದು ಅವರಿಗೂ ಗೊತ್ತು. ಮದುವೆಯ ಮೆರವಣಿಗೆಯಲ್ಲಿ, ಆಟೊದಲ್ಲಿ, ಇನ್ನೊಬ್ಬರ ಮೊಬೈಲಿನಲ್ಲಿ ತಿರುಗುವುದು ಬಿಡಿಯದೇ ಪಾಠ. ಹತ್ತು ವರ್ಷದಲ್ಲಿ ಅದೇ ಮೂಲವೆನಿಸಿಕೊಳ್ಳುತ್ತದೆ.

ಮಡಿವಾಳಪ್ಪನವರ ವಿಷಯದಲ್ಲಿ ಈ ಭಯ ಹೆಚ್ಚು. ಶರೀಫರಿಗೆ ಅಶ್ವಥ್ ಇದ್ದರು, ಸಿನಿಮಾ ಇತ್ತು, ರಘು ದೀಕ್ಷಿತ್ ಬಂದರು. ಒಂದು ಕಡೆ ನುಡಿ ಬಿಟ್ಟುಹೋದರೆ ಇನ್ನೊಂದು ಕಡೆ ಸಿಗುತ್ತದೆ. ನಮ್ಮ ಸೀಮೆಯ ಕಡಕೋಳ ಮಡಿವಾಳಪ್ಪ, ಚನ್ನೂರ ಜಲಾಲಸಾಹೇಬ, ಖೈನೂರ ಕೃಷ್ಣಪ್ಪ ಇವರೆಲ್ಲ ಉಳಿದಿರುವುದು ಅಮಾವಾಸ್ಯೆಯ ಭಜನೆಗಳಲ್ಲಿ. ಅಚ್ಚಿನಲ್ಲಿ ಇಲ್ಲವೆಂದಲ್ಲ, ಬೆಂಗಳೂರಿನ ಕನಕದಾಸ ಅಧ್ಯಯನ ಕೇಂದ್ರದವರು ತತ್ವಪದಗಳನ್ನು ಸಂಪುಟ ಸಂಪುಟವಾಗಿ ಪ್ರಕಟಿಸಿದ್ದಾರೆ. ಆದರೆ ಹಾಡು ಹಾಳೆಯ ಮೇಲೆ ಇರುವುದೇ ಬೇರೆ, ಕಿವಿಯಲ್ಲಿ ಇರುವುದೇ ಬೇರೆ. ಹೊಸ ತಲೆಮಾರಿನ ಹಲವರ ಕಿವಿಗೆ ಮಡಿವಾಳಪ್ಪನವರು ಮೊದಲ ಬಾರಿಗೆ ಬೀಳುವುದು ಈ ನಾಲ್ಕು ಹುಡುಗರ ಬಾಯಿಂದ ಇರಬಹುದು.

ಸೇಡಂ ತಾಲ್ಲೂಕಿನ ಮಳಖೇಡವನ್ನು ತಾವು ಕಂಡಿರಬಹುದು. ಕಾಗಿಣಾ ದಂಡೆಯ ಆ ಕೋಟೆಯ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ಮಾನ್ಯಖೇಟ. ಸುಮಾರು 850ರಲ್ಲಿ ಅಮೋಘವರ್ಷ ನೃಪತುಂಗನ ಆಸ್ಥಾನದ ಶ್ರೀವಿಜಯ ಅಲ್ಲಿಂದ 'ಕವಿರಾಜಮಾರ್ಗ'ವನ್ನು ಕೊಟ್ಟ. ಕನ್ನಡದಲ್ಲಿ ನಮಗೆ ದೊರೆತಿರುವ ಗ್ರಂಥಗಳಲ್ಲಿ ಅದೇ ಮೊದಲನೆಯದು. ಅವನು ಚತ್ತಾಣ, ಬೆದಂಡೆ ಎಂಬ ಎರಡು ಕನ್ನಡ ಕಾವ್ಯಜಾತಿಗಳನ್ನು ಹೆಸರಿಸಿ ಲಕ್ಷಣ ಹೇಳುತ್ತಾನೆ. ಇವು ಹಾಡಿಗೆ ಹತ್ತಿರವಾದ ದೇಸಿಯ ರಚನೆಗಳೆಂದು ವಿದ್ವಾಂಸರ ಅಭಿಪ್ರಾಯ. ಆ ಕಾಲದ ಒಂದು ಚತ್ತಾಣವಾಗಲಿ ಒಂದು ಬೆದಂಡೆಯಾಗಲಿ ಇಂದು ನಮ್ಮ ಕೈಯಲ್ಲಿಲ್ಲ. ಯಾರು ಕಟ್ಟಿದರು, ಯಾರ ಹೆಸರಿಟ್ಟು ಮುಗಿಸುತ್ತಿದ್ದರು, ಏನೂ ಇಲ್ಲ. ಈ ಪಾಠ ಹೇಳುವಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಅದನ್ನೇ ಹುಡುಗರಿಗೆ ಹೇಳಿ, ಪದವನ್ನು ಹಾಡಿದರೆ ಎಲ್ಲ ನುಡಿಗಳನ್ನೂ ಹಾಡಿ, ಇಲ್ಲವಾದರೆ ಕೈಬಿಡಿ ಎಂದೆ. ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆನೆಂದು ತೋರುತ್ತದೆ. ಚಹ ಕುಡಿದು ಮಾತಿಲ್ಲದೆ ಹೋದರು.

ಹದಿನೈದು ದಿನದ ಮೇಲೆ ತಿರುಗಿ ಬಂದು, ಚಿಂಚೋಳಿಯ ಕಡೆಯ ಒಂದು ಹಳ್ಳಿಯಲ್ಲಿ ಆ ಪದವನ್ನು ಹಾಡುವ ಹಿರಿಯರೊಬ್ಬರಿದ್ದಾರೆ, ನೀವೂ ಬನ್ನಿ ಎಂದು ಕರೆದರು. ಎಪ್ಪತ್ತು ದಾಟಿದ ಮುದುಕರು. ಏಕತಾರಿ, ದಮ್ಮಡಿ, ತಾಳ, ಹಿಂದೆ ಮೂವರ ಹಿಮ್ಮೇಳ. ಪಲ್ಲವಿಯನ್ನು ಮರಳಿ ಮರಳಿ ಎತ್ತಿಕೊಳ್ಳುತ್ತ ಒಂದೇ ಪದವನ್ನು ಹನ್ನೊಂದು ನಿಮಿಷ ಹಾಡಿದರು. ಡ್ರಮ್ಮಿನ ಹುಡುಗ ಮೊಬೈಲಿನಲ್ಲಿ ಹೊತ್ತು ನೋಡುತ್ತಲೇ ಇದ್ದ. ಮುಗಿದ ಮೇಲೆ ಹುಡುಗರು ತಮ್ಮ ಕಷ್ಟವನ್ನು ಹೇಳಿಕೊಂಡರು. ನನ್ನ ಪಕ್ಷವನ್ನು ಅವರು ಎತ್ತಿ ಹಿಡಿಯುವರೆಂದು ನಾನು ಕಾದೆ.

"ನಾವೂ ಹೊತ್ತಾದ್ರ ನಡುವಿನ ನುಡಿ ಬಿಡತೀವ್ರೀ. ಒಂದು ಬಿಡ್ರಿ, ಎರಡು ಬಿಡ್ರಿ. ಕಡೀದು ಬಿಡಬ್ಯಾಡ್ರಿ. ಗುರುವಿನ ಹೆಸರು ಬಿಟ್ಟರ ಈ ಪದ ಯಾರದ್ದಾಯ್ತು?" ಎಂದರು ಅವರು.

ಎಲ್ಲವೂ ಇರಬೇಕು ಇಲ್ಲವೇ ಏನೂ ಬೇಡ ಎಂದ ಪಂಡಿತ ನಾನು. ನೂರಾರು ರಾತ್ರಿ ಹಾಡಿದವರಿಗೆ ಎಲ್ಲಿ ಬಿಡಬಹುದು, ಎಲ್ಲಿ ಬಿಡಬಾರದು ಎಂಬುದು ನನಗಿಂತ ಚೆನ್ನಾಗಿ ಗೊತ್ತಿತ್ತು. ಶಹಾಬಾದಿಗೆ ಹಿಂತಿರುಗುವಾಗ ಬಸ್ಸಿನಲ್ಲಿ ಹುಡುಗರು ನನ್ನ ಮುಖ ನೋಡಿ ನಕ್ಕರು, ನಾನೂ ನಕ್ಕೆ.

ಬಿಡಿಹಾಡಿನ ಧ್ವನಿಮುದ್ರಣ ಶಹಾಬಾದಿನ ಮನೆಯೊಂದರ ಒಳಕೋಣೆಯಲ್ಲಿ ಆಯಿತು. ನೆಲಕ್ಕೂ ಗೋಡೆಗೂ ಫರಸಿ ಕಲ್ಲಿದ್ದು ಮಾತೆಲ್ಲ ಮಾರ್ದನಿಗೊಳ್ಳುತ್ತಿದ್ದುದರಿಂದ ಮನೆಯಲ್ಲಿದ್ದ ಕೌದಿಗಳನ್ನೆಲ್ಲ ಗೋಡೆಗೆ ತೂಗುಹಾಕಿದ್ದರು. ರೈಲು ಹೋಗುವ ಹೊತ್ತನ್ನು ತಪ್ಪಿಸಲು ಎರಡು ರಾತ್ರಿ ಎಚ್ಚರವಿದ್ದು ಹಾಡಿದರು. ನಡುವಿನ ಎರಡು ನುಡಿ ಇಲ್ಲ. ಕಡೆಯ ನುಡಿ ಇದೆ, ಗುರುವಿನ ಹೆಸರೂ ಇದೆ, ಅಲ್ಲಿ ಡ್ರಮ್ಮು ನಿಂತು ಏಕತಾರಿಯೊಂದೇ ಉಳಿಯುತ್ತದೆ. ಒಟ್ಟು ನಾಲ್ಕು ನಿಮಿಷ ನಲವತ್ತು ಸೆಕೆಂಡು. ಅಷ್ಟಕ್ಕೆ ಇಳಿಸುವುದಕ್ಕಾಗಿ ಆರಂಭದ ಗಿಟಾರಿನ ಭಾಗವನ್ನು ಮುಕ್ಕಾಲು ಪಾಲು ಕತ್ತರಿಸಬೇಕಾಯಿತು. ಗಿಟಾರಿನ ಹುಡುಗ ಇನ್ನೂ ಮುನಿಸಿಕೊಂಡಿದ್ದಾನೆಂದು ಕೇಳಿದೆ; ಎರಡನೆಯ ಬಿಡಿಹಾಡನ್ನು ಅವನ ಸ್ವಂತ ರಚನೆಗೇ ಮೀಸಲಿಟ್ಟಿದ್ದಾರಂತೆ.